ಬೆನ್ನಿನ ನೀರು

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಯಾರಿಗೆ ಸೊಂಟ ಹಿಡಿದರೂ, ಕುತ್ತಿಗೆ ಉಳುಕಿದರೂ ಮೊದಲು ಹೋಗುವುದು ಬಂಗಾರಮ್ಮನ ಮನೆಗೆ. ಆಕೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಕಾಲು ಸೋಕಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇವತ್ತಿಗೂ ಗಟ್ಟಿ. ಉಳುಕು ತಾನಾಗಿಯೇ ಹೋದರೂ ಹೆಸರು ಮಾತ್ರ ಬಂಗಾರಮ್ಮನ ಕಾಲಿಗೆ. ಇರಲಿ, ಅದರಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ.

ಆದರೆ ಈ ಸಲ ಕುತ್ತಿಗೆ ಬಿಗಿದದ್ದು ಅವರ ಮೊಮ್ಮಗಳು ರಕ್ಷಾಳಿಗೆ. ಎರಡನೇ ಕ್ಲಾಸಿನ ಹುಡುಗಿ. ಕೆಲವು ವಾರಗಳಿಂದ ಜ್ವರ ಬಂದು ಬಂದು ಹೋಗುತ್ತಿತ್ತು. ಮನೆಯವರು ಅಂಗಡಿ ಮಾತ್ರೆಯಲ್ಲೇ ದಿನ ದೂಡಿದರು. ಆಮೇಲೆ ತಲೆನೋವು, ವಾಂತಿ. ಕೊನೆಗೆ ಕುತ್ತಿಗೆ ಬಗ್ಗಿಸಲಿಕ್ಕೇ ಆಗದಾಯಿತು. ಅಜ್ಜಿ ಉಳುಕು ಅಂದುಕೊಂಡು ಬೆಳಿಗ್ಗೆ ಸಂಜೆ ಕಾಲು ಸೋಕಿಸಿದರು. ಮಗು ಮಂಕಾಗುತ್ತಾ ಹೋಯಿತು.

ಆಶಾ ಕಾರ್ಯಕರ್ತೆ ನೇತ್ರಾವತಿ ನೋಡಿದವರೇ ಹೆದರಿ, ಆಂಬುಲೆನ್ಸ್ ಕರೆಸಿ, ದಾವಣಗೆರೆಯ ಆಸ್ಪತ್ರೆಗೆ ಜೊತೆಗೇ ಹೋದರು. ಡಾಕ್ಟರು ಚಿಕಿತ್ಸೆ ಶುರು ಮಾಡಿದರು. ಮಿದುಳಿನ ಪೊರೆಗೆ ಸೋಂಕು ತಗುಲಿದಂತಿದೆ, ಯಾವ ಸೋಂಕು ಅಂತ ತಿಳಿಯಲು ಬೆನ್ನಿನ ಕೆಳಭಾಗದಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಬೇಕು, ಒಪ್ಪಿಗೆ ಕೊಡಿ ಎಂದರು.

ಬಂಗಾರಮ್ಮ ಅಡ್ಡ ನಿಂತರು. "ಬೆನ್ನಾಗಿನ ನೀರು ತೆಗೆದ್ರೆ ಕೈಕಾಲು ಬಿದ್ದೋಗ್ತಾವೆ. ನನ್ನ ಕೂಸಿಗೆ ಸೂಜಿ ಹಾಕಾಕೆ ಬಿಡಲ್ಲ." ರಕ್ಷಾಳ ಅಪ್ಪ ಓಂಕಾರ್ ತಾಯಿಯ ಮಾತು ಮೀರುವವನಲ್ಲ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ.

ಡಾಕ್ಟರು ವಿವರಿಸಿದ್ದನ್ನೇ ನೇತ್ರಾವತಿ ಮತ್ತೆ ಬಿಡಿಸಿ ಹೇಳಿದರು. "ಬಂಗಾರಜ್ಜಿ, ಸೂಜಿ ಹಾಕೋ ಜಾಗದಾಗೆ ಬೆನ್ನುಹುರಿ ಇರಲ್ಲ, ಅದು ಮೇಲೇ ಮುಗಿದಿರ್ತೈತೆ. ತೆಗೆಯೋದು ಮಿದುಳು, ಬೆನ್ನುಹುರಿ ಸುತ್ತ ಇರೋ ನೀರು. ಅದ್ರಾಗೆ ಸಕ್ಕರೆ ಎಷ್ಟೈತೆ, ಪ್ರೋಟೀನ್ ಎಷ್ಟೈತೆ, ಯಾವ ರೋಗಾಣು ಐತೆ ಅಂತ ನೋಡಿದ್ರೆ ಬ್ಯಾಕ್ಟೀರಿಯಾನೋ, ವೈರಸ್ಸೋ, ಟಿಬಿನೋ ಗೊತ್ತಾಗ್ತೈತೆ. ಒಂದೊಂದಕ್ಕೆ ಒಂದೊಂದು ಔಷಧಿ."

ಟಿಬಿ ಬರುವುದು ಕೆಮ್ಮುವವರಿಗೆ ಎಂದು ಬಂಗಾರಮ್ಮ ಮುಖ ತಿರುಗಿಸಿದರು.

ದಿನಗಳು ಹೀಗೇ ಹೋದವು. ಮಗುವಿಗೆ ಫಿಟ್ಸ್ ಬಂದ ಮೇಲೆ ಓಂಕಾರ್ ತಾಯಿಯ ಕಡೆ ನೋಡದೆ ಸಹಿ ಹಾಕಿದ. ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ನೀರು ತೆಗೆದರು. ಅದರಲ್ಲಿ ಸಕ್ಕರೆ ಕುಸಿದಿತ್ತು, ಪ್ರೋಟೀನ್ ಏರಿತ್ತು, ಕೆಮ್ಮಿಲ್ಲದಿದ್ದರೂ ಟಿಬಿ ರೋಗಾಣುವಿನ ಗುರುತು ಸಿಕ್ಕಿತು. ಅವತ್ತೇ ಟಿಬಿ ಔಷಧಿ ಶುರುವಾಯಿತು.

ರಕ್ಷಾ ಬದುಕಿದಳು. ಎಚ್ಚರವಾದಾಗ ಪಕ್ಕದಲ್ಲಿದ್ದವರ ಮುಖ ತಡಕಾಡಿದಳು. ಮೂಗುಬೊಟ್ಟು ಕೈಗೆ ಸಿಕ್ಕಿದ ಮೇಲೆಯೇ "ಅಜ್ಜಿ" ಎಂದಳು. ಅವಳ ಕಣ್ಣುಗಳು ತೆರೆದೇ ಇದ್ದವು. ಬಂಗಾರಮ್ಮನಿಗೆ ಆಗ ಅರ್ಥವಾಯಿತು.

ನೀರು ತೆಗೆದಿದ್ದಕ್ಕೇ ಕಣ್ಣು ಹೋಯಿತು ಎಂದು ಊರಲ್ಲಿ ಆಡಿಕೊಳ್ಳುವವರಿಗೆ ಕೊರತೆಯಿಲ್ಲ. ಅವರ ಬಾಯಿ ಮುಚ್ಚಿಸುವವರು ಬಂಗಾರಮ್ಮನೇ. "ತೆಗೆದಿದ್ದಕ್ಕಲ್ಲ ಕಣ್ರೀ. ತೆಗೆಯಾಕೆ ನಾನು ಬಿಡಲಿಲ್ಲ, ಔಷಧಿ ತಡ ಆಯ್ತು, ಅದಕ್ಕೆ ಹೋಯ್ತು."

ಅಕ್ಕಂದಿರೇ, ಅಣ್ಣಂದಿರೇ, ಜ್ವರದ ಜೊತೆ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಮಂಕು ಅಥವಾ ಫಿಟ್ಸ್ ಕಂಡರೆ ಉಳುಕು ಅಂದುಕೊಂಡು ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಬೆನ್ನಿನ ನೀರಿನ ಪರೀಕ್ಷೆ ಬೇಕು ಎಂದು ಡಾಕ್ಟರು ಹೇಳಿದರೆ, ಹೆದರಿಕೆ ಏನಿದ್ದರೂ ಅವರನ್ನೇ ಕೇಳಿ, ಆಗಲೇ ಕೇಳಿ. ರಕ್ಷಾಳ ದೃಷ್ಟಿ ಇನ್ನೂ ಬಂದಿಲ್ಲ. ನಿಮ್ಮ ಮನೆ ಮಗುವಿನದು ಉಳಿಯಲಿ.