ಎರಡು ಮನೆಯ ಟ್ರಾನ್ಸಿಸ್ಟರ್

ಮೂಡಬಿದ್ರೆಯ ಆದಿರಾಜ ಶೆಟ್ಟರಿಗೆ ಎರಡು ಮನೆ. ಹೀಗೆಂದರೆ ಘಟ್ಟದ ಮೇಲಿನವರು ಕಣ್ಣು ಮಿಟುಕಿಸುತ್ತಾರೆ, ಹಾಗೇನೂ ಇಲ್ಲ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಜೈನರಲ್ಲಿ ಮನೆ ಹೆಣ್ಣಿನದು. ಮೂಡಬಿದ್ರೆಯದು ಅಕ್ಕ ಪ್ರಭಾವತಿಯ ಮನೆ, ಶೆಟ್ಟರು ಅಲ್ಲಿ ಯಜಮಾನ. ಬೆಳ್ತಂಗಡಿಯದು ಹೆಂಡತಿ ರಾಜಮತಿಯ ಮನೆ, ಶೆಟ್ಟರು ಅಲ್ಲಿ ಶನಿವಾರ ಬಂದು ಸೋಮವಾರ ಹೋಗುವ ನೆಂಟ. ಕಾಯಿದೆ ಬದಲಾಗಿ, ಗಂಡಂದಿರು ಹೆಂಡತಿ ಮಕ್ಕಳ ಜೊತೆ ಬೇರೆ ಮನೆ ಹೂಡತೊಡಗಿದ್ದ ಕಾಲ ಅದು. ಶೆಟ್ಟರಿಗೆ ಅಷ್ಟು ಧೈರ್ಯ ಇರಲಿಲ್ಲ. ಇದೇ ತಮ್ಮನ ಮದುವೆಯಲ್ಲಿ ಹೆಣ್ಣಿನ ಕಡೆಯವರು ತನ್ನನ್ನು ಎರಡನೇ ಪಂಕ್ತಿಗೆ ಕೂರಿಸಿದರೆಂದು ಮುನಿಸಿಕೊಂಡ ಪ್ರಭಾವತಿ, ಬೆಳ್ತಂಗಡಿಯ ಆ ಹೊಸ್ತಿಲು ತುಳಿಯದೆ ಇಪ್ಪತ್ತು ವರ್ಷ ದಾಟಿತ್ತು. ನಡುವೆ ಶೆಟ್ಟರು ಬಸ್ಸಿನಲ್ಲಿ ಓಡಾಡಿಕೊಂಡು ಎರಡೂ ಕಡೆಯ ಶಾಂತಿ ಕಾಪಾಡುತ್ತಿದ್ದರು.

ಹಿಂದೆ ಹಾಡಿನ ವಿಷಯದಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಮೂಡಬಿದ್ರೆ ಮನೆಯಲ್ಲಿ ಸೋದರಮಾವನ ಕಾಲದ ಗ್ರಾಮಫೋನಿತ್ತು. ಮೇಜಿನಿಂದ ಇಳಿಸಲು ಇಬ್ಬರು ಬೇಕು, ಪ್ರತಿ ತಟ್ಟೆಗೂ ಕೀಲಿ ತಿರುವಬೇಕು, ಮುಳ್ಳು ಬದಲಿಸಬೇಕು. ಆಮೇಲೆ ಬಂದ ವಾಲ್ವಿನ ರೇಡಿಯೋಗೆ ಮಾಡಿನ ಮೇಲೆ ತಂತಿ, ಕೆಳಗೆ ಮೋಟಾರಿನ ಬ್ಯಾಟರಿ. ಎರಡೂ ಇಟ್ಟಲ್ಲಿಂದ ಕದಲುವ ಜಾತಿಯಲ್ಲ. ಯಾರ ಮನೆಯದು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ.

ಅರವತ್ತನಾಲ್ಕನೇ ಇಸವಿಯಲ್ಲಿ ಬಂಟ್ವಾಳ ಪೇಟೆಯ ಅಬ್ದುಲ್ ರವೂಫರ ಅಂಗಡಿಯಲ್ಲಿ ಶೆಟ್ಟರು ಟ್ರಾನ್ಸಿಸ್ಟರ್ ನೋಡಿದರು. ಚರ್ಮದ ಚೀಲ, ಹೆಗಲಿಗೆ ಪಟ್ಟಿ, ಅಕ್ಕಿ ಅಳೆಯುವ ಸೇರಿಗಿಂತ ತುಸು ದೊಡ್ಡದು.

"ಎಲ್ಲಿಗೆ ಬೇಕಾದ್ರೂ ನೇತಾಡಿಸ್ಕೊಂಡು ಹೋಗ್ಬಹುದು ಯಜಮಾನ್ರೇ," ಎಂದರು ರವೂಫರು.

ಆ ಒಂದು ಮಾತಿಗೆ ಶೆಟ್ಟರು ಮರುಳಾದರು. ತಮ್ಮ ಹಾಗೆಯೇ ಇದೂ ಎರಡು ಕಡೆ ಬಾಳೀತು ಎಂದುಕೊಂಡರು. ಮೂಡಬಿದ್ರೆಯಲ್ಲಿ, "ಕುಟುಂಬಕ್ಕೇ ತಂದದ್ದು ಅಕ್ಕ," ಎಂದರು. ಬೆಳ್ತಂಗಡಿಯಲ್ಲಿ, "ನಿನಗೇ ತಂದದ್ದು," ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಶನಿವಾರ ಬಂತಲ್ಲ, ಪೆಟ್ಟಿಗೆ ಬೆಳ್ತಂಗಡಿಗೂ ಹೋಗಬೇಕಲ್ಲ. ರೇಡಿಯೋ ಸಿಲೋನಿನ ಹಿಂದಿ ಹಾಡಿನ ರುಚಿ ಹತ್ತಿದ ಅಕ್ಕ, ಅರ್ಥವಾಗದ್ದನ್ನು ಕೇಳಿದರೆ ದೋಷವಿಲ್ಲವೆಂದು ತೀರ್ಮಾನಿಸಿ, ಹಗಲಿಡೀ ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತಿರುತ್ತಿದ್ದರು. ಶೆಟ್ಟರು ತಲೆ ಕೆರೆದುಕೊಂಡರು. ವಾರಕ್ಕೆರಡು ದಿನ ಇದಕ್ಕೆ ರವೂಫರ ಅಂಗಡಿಯಲ್ಲಿ ವಿಶ್ರಾಂತಿ ಬೇಕು, ಇಲ್ಲದಿದ್ದರೆ ಒಳಗೆ ಉಷ್ಣವಾಗುತ್ತದೆ ಎಂದರು. ಅಕ್ಕ ನಂಬಿದರು. ಸೋಮವಾರ ರಾಜಮತಿ, "ನನ್ನದಲ್ವಾ, ಬಿಟ್ಟು ಹೋಗಿ," ಎಂದಾಗ, ಲೈಸೆನ್ಸು ಮೂಡಬಿದ್ರೆ ಅಂಚೆ ಕಚೇರಿಯದು, ವಾರದ ದಿನಗಳಲ್ಲಿ ರೇಡಿಯೋ ಆ ಊರು ಬಿಡುವ ಹಾಗಿಲ್ಲ ಎಂದರು. ಅವಳೂ ನಂಬಿದಳು. ಅಥವಾ ನಂಬಿದ ಹಾಗೆ ಕಂಡಳು. ಹೆಂಗಸರ ವಿಷಯ ಹೇಳಲಿಕ್ಕಾಗುವುದಿಲ್ಲ.

ಅಂದಿನಿಂದ ಶೆಟ್ಟರಿಗೆ ನಿದ್ದೆ ಹಗುರವಾಯಿತು. ಗುಟ್ಟು ಒಡೆದರೆ ಒಂದು ಮನೆಯ ಬಾಗಿಲು ಮುಚ್ಚುವುದು ಖಂಡಿತ, ಯಾವುದೆಂದು ಮಾತ್ರ ಗೊತ್ತಿಲ್ಲ. ಅಕ್ಕ ಮುನಿದರೆ ಹುಟ್ಟಿದ ಮನೆ ಹೋಯಿತು. ರಾಜಮತಿ ಮುನಿದರೆ ಶನಿವಾರವೇ ಹೋಯಿತು, ಮತ್ತು ಶೆಟ್ಟರು ಬದುಕುತ್ತಿದ್ದದ್ದೇ ಶನಿವಾರಕ್ಕಾಗಿ.

ಮೂರು ತಿಂಗಳಾಗಿರಬೇಕು. ಒಂದು ಆದಿತ್ಯವಾರ ಮಧ್ಯಾಹ್ನ ಬೆಳ್ತಂಗಡಿಯ ಚಾವಡಿಯಲ್ಲಿ ರೇಡಿಯೋ ಹಾಡುತ್ತಿತ್ತು, ರಾಜಮತಿ ಹಲಸಿನ ಬೀಜ ಸುಲಿಯುತ್ತಿದ್ದಳು. ಅಂಗಳದಲ್ಲಿ ಕೊಡೆ ಮಡಚಿದ ಸದ್ದಾಯಿತು. ಶೆಟ್ಟರು ತಲೆಯೆತ್ತಿದರೆ ಅಕ್ಕ.

"ರವೂಫರು ಬೆಳಿಗ್ಗೆ ಮನೆಗೆ ಬಂದಿದ್ರು," ಎಂದರು ಪ್ರಭಾವತಿ, ಮೆಟ್ಟಿಲ ಕೆಳಗೇ ನಿಂತು. "ರೇಡಿಯೋ ಹೇಗೆ ಹಾಡ್ತದೆ ಕೇಳಿದ್ರು. ನಿಮ್ಮಲ್ಲೇ ವಿಶ್ರಾಂತಿಯಲ್ಲಿ ಉಂಟಲ್ಲ ಅಂದೆ. ಮಾರಿದ ಮೇಲೆ ಅದರ ಮುಖವೇ ನೋಡ್ಲಿಲ್ಲವಂತೆ."

"ವಿಶ್ರಾಂತಿಯಾ? ನನ್ನ ಹತ್ರ ಲೈಸೆನ್ಸು ಅಂದ್ರು," ಎಂದಳು ರಾಜಮತಿ.

"ಯಾವ ಲೈಸೆನ್ಸು?"

ಇಬ್ಬರೂ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮುಖಾಮುಖಿ ನೋಡಿಕೊಂಡರು. ರಾಜಮತಿ ಎದ್ದು ಬೆಲ್ಲ ನೀರು ತಂದಳು, ಚಾವಡಿಯಲ್ಲಿದ್ದ ಒಂದೇ ಒಂದು ಆರಾಮ ಕುರ್ಚಿಯನ್ನು ಮುಂದಕ್ಕೆಳೆದು ಸೆರಗಿನಿಂದ ಒರೆಸಿದಳು. ಪ್ರಭಾವತಿ ಹೊಸ್ತಿಲು ನೋಡಿದರು, ಕುರ್ಚಿ ನೋಡಿದರು, ಒಳಗೆ ಬಂದು ಕೂತರು. ಅಕ್ಕನನ್ನು ಕಂಡು ಏಳುವ ತನಕ ಆ ಕುರ್ಚಿಯಲ್ಲಿ ಕೂತಿದ್ದವರು ಶೆಟ್ಟರು. ಅವರು ಯಾರಿಗೆ ಏನೇನು ಹೇಳಿದ್ದರೆಂಬುದು ಎರಡು ನಿಮಿಷದಲ್ಲಿ ಹೊರಬಿತ್ತು.

ಜಗಳವಾಗಿದ್ದರೆ ಶೆಟ್ಟರು ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಆದದ್ದು ಮರ್ಯಾದೆ.

"ನಿನಗೇ ತಂದದ್ದಂತೆ, ನಿನ್ನಲ್ಲೇ ಇರ್ಲಿ," ಎಂದು ಅಕ್ಕ ರೇಡಿಯೋವನ್ನು ಆಚೆ ಸರಿಸಿದರು.

"ಕುಟುಂಬದ್ದು ನನಗ್ಯಾಕೆ ಅತ್ತಿಗೆ, ತಕ್ಕೊಂಡು ಹೋಗಿ," ಎಂದು ರಾಜಮತಿ ಈಚೆ ಸರಿಸಿದಳು.

ಸರಿಸಿದಾಗೆಲ್ಲ ಹಾಡು ಕರಕರ ಎಂದಿತು. ಕೊನೆಗೆ ಶೆಟ್ಟರಿಗೇ ರೇಗಿತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೂ ಒಮ್ಮೆ ಸಿಟ್ಟು ಬರುತ್ತದೆ.

"ಅದು ನನ್ನದು," ಎಂದರು. "ನನಗೆ ಬೇಕಂತ ನಾನು ತಂದದ್ದು."

"ಆಗಲಿ," ಎಂದರು ಅಕ್ಕ. "ನಿನ್ನದಾದ್ರೆ ನಿನ್ನ ಮನೆಯಲ್ಲಿ ಇಡು."

ಶೆಟ್ಟರು ಉತ್ತರಕ್ಕೆ ಬಾಯಿ ತೆರೆದರು. ಮೂಡಬಿದ್ರೆ ಎನ್ನಲು ಹೊರಟರೆ ಅದು ಅಕ್ಕನದು. ಬೆಳ್ತಂಗಡಿ ಎನ್ನಲು ಹೊರಟರೆ ಅವರ ಬಟ್ಟೆ ಇನ್ನೂ ಬಸ್ಸಿನ ಚೀಲದಲ್ಲೇ ಮಡಚಿಟ್ಟಿತ್ತು. ಐವತ್ತು ದಾಟಿದ ಮನುಷ್ಯನಿಗೆ, ಒಂದು ರೇಡಿಯೋ ಇಡುವಷ್ಟು ಜಾಗವನ್ನು ಇದು ನನ್ನದು ಎನ್ನಲಿಕ್ಕಿಲ್ಲ. ಅವರಿಗೆ ನಿಜವಾಗಿ ದುಃಖವಾಯಿತು.

ಪ್ರಭಾವತಿಗೂ ತಾನು ಕೇಳಿದ್ದೇನೆಂದು ಹೊಳೆದಿರಬೇಕು. ಅವರು ಬೆಲ್ಲದ ತಟ್ಟೆಯನ್ನು ಸುಮ್ಮನೆ ತಿರುಗಿಸಿದರು. ರಾಜಮತಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಸುತ್ತಿಗೆ ಮತ್ತು ಕೆಲವು ಮೊಳೆ ಇದ್ದವು. ಚಾವಡಿಯ ಮರದ ಕಂಬದ ಎದುರು ನಿಂತು ಕೈ ಎತ್ತಿದಳು.

"ಏನು ಮಾಡ್ತೀ?" ಎಂದರು ಶೆಟ್ಟರು.

"ಇದು ಇರ್ಲಿಕ್ಕೆ ಒಂದು ಜಾಗ ಬೇಡ್ವಾ?"

"ಅಷ್ಟು ಮೇಲೆ ಬೇಡ," ಎಂದರು ಪ್ರಭಾವತಿ ಕುರ್ಚಿಯಿಂದ. "ಆದಿತ್ಯವಾರ ಬಂದ್ರೆ ನನಗೂ ಕೈಗೆ ಎಟಕಬೇಕು."

ಪ್ರತಿ ಆದಿತ್ಯವಾರ ಅಕ್ಕ ಬರುವ ಲಕ್ಷಣ ಶೆಟ್ಟರಿಗೆ ಕಂಡಿತು. ಮೊಳೆ ಇಳಿಯಿತು. ರಾಜಮತಿ ಪಟ್ಟಿ ಹಿಡಿದು ರೇಡಿಯೋ ನೇತುಹಾಕಿದಳು. ಶೆಟ್ಟರು ಚೀಲದ ಹತ್ತಿರ ಹೋಗಿ, ಬಗ್ಗಿ, ಅದರ ಬಾಯಿ ಬಿಚ್ಚಿದರು.

"ರಾಜಮತಿ," ಎಂದರು, ಆದಷ್ಟು ಸಣ್ಣ ದನಿಯಲ್ಲಿ. "ಪಕ್ಕದಲ್ಲೇ ಇನ್ನೊಂದು ಹೊಡೀತೀಯಾ? ನನ್ನ ಅಂಗಿಗೆ."