ಮಾಮನ ಮನೆಯ ಕಾಫಿ

ಆರ್ಕಿಟೆಕ್ಟ್ ಆಗುತ್ತೇನೆಂದು ಜೆಯಂತಿ ಹಟ ಹಿಡಿದಾಗ ಅವಳವ್ವ ಅವಳನ್ನು ಕಾಮಯಗೌಂಡನ್‌ಪಟ್ಟಿಯ ಪೆರಿಯಣ್ಣನ್ ಮಾಮನ ಹತ್ತಿರ ಎಳೆದು ತಂದಳು. ಊರಿಗೇ ದೊಡ್ಡ ಮನೆ ಕಟ್ಟಿಸಿದವರಲ್ಲವೇ, ಅವರಿಗಿಂತ ತಿಳಿದವರು ಯಾರು?

ಮಾಮ ನಡುಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು, ಗೋಡೆಗೆ ಮುಖ ಮಾಡಿ "ಕಾಫಿ" ಎಂದು ಕೂಗಿ, ಬುದ್ಧಿವಾದಕ್ಕೆ ಇಳಿದರು.

"ಮನೆ ಕಟ್ಟಕ್ಕೆ ಐದು ವರ್ಸ ಓದ್ಬೇಕಾ ಕಣಮ್ಮ? ಮೇಸ್ತ್ರಿ ಅವ್ನೆ, ವಾಸ್ತು ಜೋಸ್ಯರು ಅವ್ರೆ. ನಾನು ಯಾವ ಕಾಲೇಜಿಗೆ ಹೋಗಿದ್ದೆ? ಸುಮ್ನೆ ಬಿ.ಕಾಂ. ಸೇರು."

ಜೆಯಂತಿ ಆ ಗೋಡೆಯನ್ನೇ ನೋಡಿದಳು. ಒಂದು ಕಾಲಕ್ಕೆ ಅಲ್ಲಿ ಅಡುಗೆಮನೆಯ ಬಾಗಿಲಿತ್ತು. ಮಾಮನ ತೋಟದ ದ್ರಾಕ್ಷಿಗೆ ಬೆಲೆ ಬಿದ್ದ ವರ್ಷ ಜೋಸ್ಯರು ಬಂದು, ಲಕ್ಷ್ಮಿ ಈ ಬಾಗಿಲಿಂದಲೇ ಸೋರಿಹೋಗುತ್ತಿದ್ದಾಳೆ ಎಂದರು. ಮಾಮ ಮರುದಿನವೇ ಇಟ್ಟಿಗೆ ಇಟ್ಟು ಮುಚ್ಚಿಸಿದರು. ಬೆಲೆ ಇಡೀ ಕಣಿವೆಗೇ ಬಿದ್ದಿತ್ತು. ಬಾಗಿಲು ಮುಚ್ಚಿಸಿದವರು ಇವರೊಬ್ಬರೇ. ಅಂದಿನಿಂದ ಕಾಳಿಯಮ್ಮಾಳ್ ಅತ್ತೆ ಹಿತ್ತಿಲಿಂದ ಹೊರಟು, ಮನೆಯನ್ನು ಸುತ್ತಿ, ಬೀದಿಗಿಳಿದು, ಮುಂಬಾಗಿಲಿಂದ ಒಳಗೆ ಬಂದು ಗಂಡನಿಗೆ ಅನ್ನ ಬಡಿಸುತ್ತಾಳೆ. ಮಳೆ ಬಂದರೆ ಕೊಡೆ ಹಿಡಿದುಕೊಂಡು ಸಾರು ತರುತ್ತಾಳೆ.

ಮಾಮನ ಉಪದೇಶ ಬ್ಯಾಂಕ್ ಪರೀಕ್ಷೆಯವರೆಗೆ ಬಂದಾಗ ಅತ್ತೆ ಬೀದಿಯಿಂದ ಕಾಫಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಾಮ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಆರಿ ಹೋಗೈತಲ್ಲ."

ಅತ್ತೆ ಅವರ ಕಡೆ ತಿರುಗಲೂ ಇಲ್ಲ. ಜೆಯಂತಿಯ ಕೈಗೆ ಲೋಟ ಕೊಟ್ಟು, "ನೀ ಹೋಗಿ ಅದನ್ನೇ ಓದ್ಕೊಂಡು ಬಾ ತಾಯಿ," ಎಂದಳು. "ಬಂದು ಮೊದ್ಲು ಆ ಗೋಡೆ ಒಡಿ."