ಇಪ್ಪತ್ತೆರಡನೆಯ ವಾಕ್ಯ

ನನ್ನ ಗಂಡ ತಕ್ಕಡಿ ರಿಪೇರಿ ಮಾಡುವವರು. ಅವರಪ್ಪನೂ ಅದೇ, ಅಜ್ಜನೂ ಅದೇ. ಮೂರು ತಲೆಮಾರಿನಿಂದ ಊರವರ ತೂಕ ಸರಿಮಾಡುತ್ತ ಬಂದ ಈ ಮನೆಯಲ್ಲಿ ಯಾರೂ ‘ಸುಮಾರು’ ಎಂಬ ಮಾತನ್ನೇ ಆಡುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ “ಸುಮಾರು ಒಂದು ಗಂಟೆಯಿಂದ ಕಾಯ್ತಿದ್ದೀನಿ” ಎಂದೆ. ಮಾವನವರು ಗಡಿಯಾರ ನೋಡಿ “ನಲವತ್ತೊಂದು ನಿಮಿಷ ಆಯ್ತಮ್ಮ” ಎಂದರು. ಅವತ್ತೇ ಗಂಟುಮೂಟೆ ಕಟ್ಟಿ ತವರಿಗೆ ಹೊರಡಬೇಕಿತ್ತು. ಹೊರಡಲಿಲ್ಲ, ಈಗ ಅನುಭವಿಸುತ್ತಿದ್ದೇನೆ.

ಇವರ ಕೆಲಸಕ್ಕೆ ಇರುವುದು ಒಂದೇ ನಿಯಮ. ಮುದ್ರೆ ಒತ್ತಿದ ತೂಕದ ಕಲ್ಲನ್ನು ತಟ್ಟೆಯ ಮೇಲಿಟ್ಟಾಗ ಮುಳ್ಳು ಆಚೀಚೆ ಸರಿದರೆ ತಪ್ಪು ತಕ್ಕಡಿಯದು. ಸ್ಕ್ರೂ ತಿರುಗಿಸಿ, ಸ್ಪ್ರಿಂಗ್ ಬದಲಿಸಿ, ಏನು ಬೇಕಾದರೂ ಮಾಡಿ. ಕಲ್ಲಿಗೆ ಮಾತ್ರ ಅರ ತಾಗಿಸಬಾರದು. ಕಲ್ಲು ಅಂದರೆ ಕಲ್ಲು, ಅದು ಎಂದಿಗೂ ತಪ್ಪುವುದಿಲ್ಲ. ಈ ನಿಯಮ ಅಂಗಡಿಯಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಎಲ್ಲರ ಅಂಗಡಿಗೂ ಕರೆಂಟಿನ ತಕ್ಕಡಿ ಬಂದ ಮೇಲೆ ಇವರ ಕೈಗೆ ಕೆಲಸ ಕಡಿಮೆಯಾಯಿತು. ಬೆಳಗ್ಗೆ ಬಾಗಿಲು ತೆಗೆದು, ತೂಕದ ಕಲ್ಲುಗಳನ್ನು ಸಾಲಾಗಿಟ್ಟು, ಬಟ್ಟೆಯಿಂದ ಒರೆಸಿ, ಸಂಜೆ ಮತ್ತೆ ಪೆಟ್ಟಿಗೆಗೆ ಹಾಕಿಡುವುದಷ್ಟೇ ಕೆಲಸ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಇವರನ್ನು ಬೈಯುತ್ತಿದ್ದೆ. ಸಂಕಟವಾದರೂ ನನ್ನ ಬಾಯಿಂದ ಬೈಗುಳವೇ ಬರುವುದು, ಏನು ಮಾಡಲಿ?

ಅಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಒಂದು ವೆಲ್‌ನೆಸ್ ಸೆಂಟರ್ ಶುರುವಾಯಿತು. ಮನೆಯಲ್ಲಿ ನೆಲ ಒರೆಸಿದರೆ ಪುಕ್ಕಟೆ ಬರುವ ಬೆವರನ್ನು ಜನ ಅಲ್ಲಿ ದುಡ್ಡು ಕೊಟ್ಟು ಬರಿಸಿಕೊಳ್ಳುತ್ತಾರೆ. ನಾಲ್ಕು ಮಹಡಿ, ಮಹಡಿಗೆರಡು ತೂಕದ ಯಂತ್ರ, ಎಂಟಕ್ಕೂ ಒಂದಕ್ಕೊಂದು ತಾಳಮೇಳವಿಲ್ಲ. ಅವನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದು ಬೋರ್ಡು ಹಾಕಿದ್ದರು. ಇವರು ಕೇಳಿಕೊಂಡು ಬಂದರು. ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಒಂದು ಕಳೆ.

“ಕೆಲಸ ನಂದೇ ಕಣೆ. ಒಂದೇ ತೊಡಕು. ಹತ್ತು ನಿಮಿಷ ಇಂಗ್ಲಿಷಲ್ಲಿ ಮಾತಾಡ್ಬೇಕಂತೆ.”

“ಯಾವುದರ ಬಗ್ಗೆ?”

“ನನ್ನ ಲೈಫ್‌ಸ್ಟೈಲ್ ಬಗ್ಗೆ.”

“ನಿಮಗೆಲ್ಲಿದೆ ಅದು?” ಎಂದೆ.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮೇಡಂ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನ್ನ ಗಂಡ ನೋಟ್‌ಬುಕ್ ಹಿಡಿದು ಮೆಟ್ಟಿಲು ಹತ್ತಿದರು. ಮೇಡಂ ಪುಸ್ತಕದ ಏಳನೆಯ ಪಾಠ ತೆಗೆದುಕೊಟ್ಟರು. ಆರೋಗ್ಯವಂತನೊಬ್ಬನ ದಿನಚರಿ, ಒಟ್ಟು ಇಪ್ಪತ್ತೆರಡು ವಾಕ್ಯ. ಇದನ್ನು ಬಾಯಿಪಾಠ ಮಾಡಿ ಹೇಳಿದರೆ ಸಾಕು, ಕೆಲಸ ನಿಮ್ಮದೇ ಎಂದರು.

“ಆದ್ರೆ ಮೇಡಂ, ಇದ್ರಲ್ಲಿರೋದು ನಾನಲ್ಲವಲ್ಲ?” ಎಂದರಂತೆ ಇವರು.

“ಅಯ್ಯೋ, ಹೇಳಿ ಸಾರ್. ಯಾರು ಬಂದು ನೋಡ್ತಾರೆ?”

ಪಾಪ, ಆ ಮೇಡಂಗೆ ಗೊತ್ತಿಲ್ಲ. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಗಳು ಮೂರು ತಲೆಮಾರಿನಿಂದ ಈ ಮನೆಯವರಿಗೆ ಹೇಳಿಕೊಂಡು ಬಂದಿರುವುದು ಇದೇ ಮಾತು. ಇವರು ಮನೆಗೆ ಬಂದು ಊಟವನ್ನೂ ಮಾಡದೆ ಯೋಚನೆ ಮಾಡಿದರು. ವಾಕ್ಯ ಸರಿಯಿದೆ, ಅಚ್ಚಾಗಿದೆ. ಬದುಕು ಅದಕ್ಕೆ ಹೊಂದುತ್ತಿಲ್ಲ. ಹಾಗಾದರೆ ತಪ್ಪು ಬದುಕಿನದು.

“ಕಲ್ಲು ಸರಿಯಿದೆ ಕಣೆ, ನಾವು ತಕ್ಕಡಿ ತಿದ್ಕೋಬೇಕು” ಎಂದರು.

ಮೊದಲ ವಾಕ್ಯ: ಐ ವೇಕ್ ಅಪ್ ಅಟ್ ಫೈವ್. ಐದಕ್ಕೆ ಏಳುತ್ತೇನೆ ಎಂದು. ನಾಲ್ಕು ಐವತ್ತೆಂಟಕ್ಕೆ ಎಚ್ಚರವಾದರೆ ಎರಡು ನಿಮಿಷ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದರು. ಒಂಬತ್ತನೆಯ ವಾಕ್ಯದ ಪ್ರಕಾರ ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು. ಮೌನವಾಗಿ ಅಗಿದಿದ್ದರೆ ಸಹಿಸುತ್ತಿದ್ದೆ. ಇವರು ಬೆರಳು ಮಡಚುತ್ತ ಎಣಿಸುತ್ತಿದ್ದರು. ನಾನು ನಡುವೆ ಏನಾದರೂ ಕೇಳಿದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಅನ್ನ ಬೆಂದಿರುತ್ತಿತ್ತು.

ನಾಲ್ಕನೆಯದು ಇನ್ನೂ ಚೆಂದ. ಐ ವಾಕ್ ವಿತ್ ಮೈ ಡಾಗ್. ನಮ್ಮನೆಯಲ್ಲಿ ನಾಯಿಯಿಲ್ಲ. ನನ್ನನ್ನು ಅಕ್ಕ ಎಂದು ಕರೆಯುವ ಪಕ್ಕದ ಔಷಧಿ ಅಂಗಡಿಯವನ ಹತ್ತಿರ ಒಂದಿದೆ, ಹೊಸಿಲು ದಾಟಲೂ ಬೇಸರಪಡುವ ಮುದಿ ನಾಯಿ.

“ಕರ್ಕೊಂಡು ಹೋಗಿ ಭಾವ, ನನಗೂ ಪುಣ್ಯ” ಎಂದ ಅವನು.

“ಹಾಗಲ್ಲಪ್ಪ. ‘ಮೈ’ ಅಂತ ಇದೆ. ನಂದೇ ಆಗ್ಬೇಕು.”

ಕೊನೆಗೆ ಅವನು ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟ: ಪ್ರತಿದಿನ ಐದೂವರೆಯಿಂದ ಆರೂವರೆಯವರೆಗೆ ಈ ನಾಯಿ ಇವರ ಸ್ವಂತದ್ದು. ಕೆಳಗೆ ಅಂಗಡಿಯ ಸೀಲು, ಸಹಿ. ದಿನಕ್ಕೊಂದು ಗಂಟೆಯ ಈ ಮಾಲೀಕರು ನಾಯಿಯನ್ನು ಎಳೆದುಕೊಂಡು ಹೋಗಿ, ಹೊತ್ತುಕೊಂಡು ವಾಪಸ್ಸು ಬರುತ್ತಿದ್ದರು. ಬೀದಿಯವರು ನನ್ನನ್ನು ನೋಡಿ ನಗುವುದಕ್ಕೆ ಶುರುಮಾಡಿದರು.

ಇಷ್ಟು ದಿನ ಇವರ ಕುತ್ತಿಗೆಗಷ್ಟೇ ಇದ್ದದ್ದು ಹದಿಮೂರನೆಯ ವಾಕ್ಯಕ್ಕೆ ನನ್ನ ಕುತ್ತಿಗೆಗೂ ಬಂತು. ವಿ ಡು ನಾಟ್ ಈಟ್ ಶುಗರ್.

“‘ವಿ’ ಅಂದ್ರೆ ನಾವಿಬ್ರೂ ಕಣೆ” ಎಂದು ಸಕ್ಕರೆ ಡಬ್ಬಿ ಎತ್ತಿಕೊಂಡು ಹೋಗಿ ಔಷಧಿ ಅಂಗಡಿಗೆ ಕೊಟ್ಟು ಬಂದರು.

ನಾನು ಎರಡು ಹಿಡಿ ಸಕ್ಕರೆಯನ್ನು ಮುಖದ ಪೌಡರಿನ ಖಾಲಿ ಡಬ್ಬಿಯಲ್ಲಿ ಅಡಗಿಸಿದೆ. ಮೂರು ದಿನ ಕನ್ನಡಿಯ ಮುಂದೆ ನಿಂತು ಚಹಾ ಕುಡಿದೆ. ನಾಲ್ಕನೆಯ ದಿನ ಡಬ್ಬಿಗೆ ಇರುವೆ ಸಾಲುಗಟ್ಟಿತು. ಇವರು ಬೈಯಲಿಲ್ಲ. “ಮೂರು ದಿನದಿಂದ ಸುಳ್ಳು ಹೇಳ್ತಿದ್ದೆ ನಾನು” ಎಂದು ಮೆಲ್ಲಗೆ ಹೇಳಿ ಗೋಡೆ ನೋಡುತ್ತ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತಿನಿಂದ ಚಹಾ ಸಪ್ಪೆ, ನಾನೂ ಸಪ್ಪೆ.

ಇಪ್ಪತ್ತೊಂದು ವಾಕ್ಯ ಹೀಗೆ ಒಂದೊಂದಾಗಿ ನಿಜವಾದವು. ಉಳಿದದ್ದು ಕೊನೆಯದು. ಅದನ್ನು ಓದಿ ಇವರು ಪುಸ್ತಕ ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದರು.

“ಏನದು, ಹೇಳಿ” ಎಂದೆ.

“ಮೈ ವೈಫ್ ಈಸ್ ಕಾಮ್.”

“ಹಾಗಂದ್ರೆ?”

“ನನ್ನ ಹೆಂಡತಿ ಶಾಂತ ಸ್ವಭಾವದವಳು.”

“ಏನ್ರೀ ಹಾಗಂದ್ರೆ!” ಎಂದು ನಾನು ಕೂಗಿದ ಕೂಗಿಗೆ ಪಕ್ಕದಂಗಡಿಯ ನಾಯಿ ಎದ್ದು ಕೂತಿತಂತೆ. ಅದು ತಾನಾಗಿ ಎದ್ದದ್ದು ಅದೇ ಮೊದಲು.

ಕೋಪ ನನ್ನ ಮೂಗಿನ ತುದಿಯಲ್ಲಿರುವುದು ಸುಳ್ಳಲ್ಲ. ಇವರು ತಮ್ಮ ಕ್ರಮದಲ್ಲೇ ರಿಪೇರಿ ಶುರುಮಾಡಿದರು. ಬಾಗಿಲು ಕಿರ್ರೆನ್ನದ ಹಾಗೆ ಎಣ್ಣೆ ಬಿಟ್ಟರು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ನಿಲ್ಲಿಸಿದರು. ನನ್ನ ಹತ್ತಿರ ಪಿಸುದನಿಯಲ್ಲಿ ಮಾತಾಡಿದರು. ಆ ಪಿಸುದನಿ ಕೇಳಿಯೇ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ವಾರ ಕಳೆದ ಮೇಲೆ ಅಂಗಡಿಯಲ್ಲಿ ಕಲ್ಲು ಒರೆಸುತ್ತ ಕೂತಿದ್ದ ಇವರ ಬಳಿಗೆ ಊಟದ ಡಬ್ಬಿ ಒಯ್ದೆ. ಇವರು ತಲೆಯೆತ್ತದೆ ಹೇಳಿದರು:

“ಈ ಕೆಲಸ ಬಿಟ್ಬಿಡೋಣ ಕಣೆ. ಇಪ್ಪತ್ತೊಂದು ಹೇಳಿ ಒಂದು ಬಿಟ್ರೆ ಅದು ಕಮ್ಮಿ ತೂಕ ಕೊಟ್ಟಂಗೆ. ನೀನು ಇರೋ ಹಾಗೇ ಇರು.”

ಊಟದ ಡಬ್ಬಿ ಕೆಳಗಿಟ್ಟೆ. ಮೂವತ್ತು ವರ್ಷ ಇವರನ್ನು ಬೈದೇ ಬೆಳೆಸಿದವಳು ನಾನು, ಒಂದು ದಿನ ಬಾಯಿ ಮುಚ್ಚಿಕೊಂಡಿರಲಾರೆನೇ? ಇಂಟರ್‌ವ್ಯೂ ದಿನ ಬೆಳಗ್ಗೆ ಐದರಿಂದ ಅದು ಮುಗಿಯುವವರೆಗೆ ನಾನು ಶಾಂತ ಎಂದು ಮಾತು ಕೊಟ್ಟೆ. ಇವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನನ್ನಿಂದ ಸಹಿಯನ್ನೂ ಹಾಕಿಸಿಕೊಂಡರು.

ಆ ದಿನ ನಾಯಿ ತನ್ನ ಒಂದು ಗಂಟೆಯ ಅವಧಿಯಲ್ಲೇ ಇವರ ಬಲಗಾಲಿನ ಚಪ್ಪಲಿ ಕಚ್ಚಿ ಹಾಕಿತು. ನಾನು ನಕ್ಕೆ. ತುತ್ತು ಎಣಿಸುತ್ತ ಕೂತು ಬಸ್ಸು ತಪ್ಪಿಸಿದರು. ನಕ್ಕೆ. ಜೊತೆಗೆ ನಾನೂ ಹೊರಟಿದ್ದೆ, ಮುಂದಿನ ಬಸ್ಸಿನಲ್ಲಿ ಯಾರೋ ನನ್ನ ಕಾಲು ತುಳಿದು ನನಗೇ “ನೋಡ್ಕೊಂಡು ನಿಲ್ಲಮ್ಮ” ಎಂದರು. ಅದಕ್ಕೂ ನಕ್ಕೆ. ದವಡೆ ನೋಯುತ್ತಿತ್ತು. ಇವರು ಹೆದರಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.

ಇಂಟರ್‌ವ್ಯೂ ಎರಡನೆಯ ಮಹಡಿಯ ಮ್ಯಾನೇಜರ್ ಕೋಣೆಯಲ್ಲಿ. ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲು ಅರ್ಧ ತೆರೆದಿತ್ತು. ಎದುರಿಗೆ ತೂಕದ ಯಂತ್ರದ ಮುಂದೆ ಹನ್ನೆರಡು ಜನ ಟವೆಲು ಹೆಗಲಿಗೆ ಹಾಕಿಕೊಂಡು ಸಾಲು ನಿಂತಿದ್ದರು. ಪಕ್ಕದ ಇನ್ನೊಂದು ಯಂತ್ರದ ಕಡೆ ಒಬ್ಬರೂ ಸುಳಿಯುತ್ತಿರಲಿಲ್ಲ. ನನಗೇಕೋ ವಿಚಿತ್ರವೆನಿಸಿತು, ಆದರೆ ಶಾಂತಳಾಗಿದ್ದೆ.

ಒಳಗೆ ಇವರ ದನಿ ಕೇಳಿಸಿತು. ಐ ವೇಕ್ ಅಪ್ ಅಟ್ ಫೈವ್. ಒಂದೊಂದು ಮಾತನ್ನೂ ತೂಗಿ ಇಟ್ಟ ಹಾಗೆ. ಕೇಳಿ ಕೇಳಿ ನನಗೂ ಇಪ್ಪತ್ತೆರಡೂ ಬಾಯಿಪಾಠವಾಗಿದ್ದವು, ಬೆರಳು ಮಡಚುತ್ತ ಎಣಿಸಿದೆ. ನಾಯಿ ಬಂತು, ಸಕ್ಕರೆ ಹೋಯಿತು. ಇಪ್ಪತ್ತು. ಇಪ್ಪತ್ತೊಂದು.

“ಎಕ್ಸಲೆಂಟ್!” ಎಂದರು ಮ್ಯಾನೇಜರ್. “ಸಾಕು ಬಿಡಿ.”

“ಇನ್ನೊಂದಿದೆ ಸಾರ್.”

“ಸಾಕು ಅಂದೆನಲ್ಲ. ಈಗ ಕೆಲಸದ ಮಾತಾಡೋಣ. ಹೊರಗಿರೋ ಬಲಗಡೆ ಯಂತ್ರ ಎರಡು ಕಿಲೋ ಕಮ್ಮಿ ತೋರಿಸುತ್ತೆ. ಜನಕ್ಕೆ ಅದೇ ಇಷ್ಟ. ಉಳಿದ ಏಳನ್ನೂ ಅದರ ಥರ ಮಾಡ್ಬಿಡಿ.”

ಇವರ ದನಿ ಸಣ್ಣದಾಯಿತು. “ಅದು ತಪ್ಪು ತೂಕ ಸಾರ್.”

“ಅಯ್ಯೋ, ಯಾರ್ರೀ ಬಂದು ನೋಡ್ತಾರೆ?”

ಒಲೆಯ ಮೇಲಿಟ್ಟ ಹಾಲಿಗೆ ಉಕ್ಕಬೇಡ ಎಂದರೆ ಕೇಳುತ್ತದೆಯೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ನೆನಪಾಗುವಷ್ಟರಲ್ಲಿ ನಾನು ಕೋಣೆಯ ಒಳಗೆ ಮೇಜಿನ ಮುಂದೆ ನಿಂತಿದ್ದೆ.

“ಯಾರು ನೋಡ್ತಾರಾ? ಇವರು ನೋಡ್ತಾರೆ! ನಿಮ್ಮ ಈ ಕೆಲಸಕ್ಕೋಸ್ಕರ ಒಂದು ತಿಂಗಳಿಂದ ಸಕ್ಕರೆ ಬಿಟ್ಟಿದ್ದಾರೆ, ನನಗೂ ಬಿಡಿಸಿದ್ದಾರೆ! ಬೇರೆಯವರ ನಾಯಿ ಹೊತ್ಕೊಂಡು ಬೀದಿ ಸುತ್ತಿದ್ದಾರೆ! ಒಂದು ಸುಳ್ಳು ವಾಕ್ಯ ಹೇಳಬಾರ್ದು ಅಂತ ಒದ್ದಾಡಿದ ಮನುಷ್ಯನ ಹತ್ರ ಎರಡು ಕಿಲೋ ಸುಳ್ಳು ಹೇಳಿಸ್ತೀರಾ? ನಾಚಿಕೆ ಆಗಲ್ವಾ ನಿಮಗೆ?”

ನನ್ನ ಗಂಟಲಿನ ಶಕ್ತಿ ನನಗೆ ಗೊತ್ತು, ನಾಲ್ಕೂ ಮಹಡಿಗೆ ಕೇಳಿಸಿರಬೇಕು.  ಕೆಲಸ ಹೋಯಿತು, ನಾನೇ ಕೈಯಾರೆ ಕಳೆದೆ ಎಂದು ಆಮೇಲೆ ಹೊಳೆಯಿತು. ಇವರ ಮುಖ ನೋಡಲು ಧೈರ್ಯ ಬರಲಿಲ್ಲ.

ಇವರು ಕುರ್ಚಿಯಿಂದ ಎದ್ದರು. ಅಂಗಿ ಸರಿಮಾಡಿಕೊಂಡರು. “ಸಾರ್, ಇಪ್ಪತ್ತೆರಡು” ಎಂದರು. “ಮೈ ವೈಫ್ ಈಸ್ ನಾಟ್ ಕಾಮ್.”

ಪುಸ್ತಕದಲ್ಲಿಲ್ಲದ ಇಂಗ್ಲಿಷನ್ನು ಇವರು ಆಡಿದ್ದು ಅದೇ ಮೊದಲು. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ, ಮುಳ್ಳು ಸರಿಯಾಗಿ ನಡುವೆ ನಿಂತಾಗ ಕಾಣುವಂಥದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಟವೆಲುಗಳ ಗುಂಪು. ಮುಂದೆ ಒಬ್ಬ ದಪ್ಪನೆಯ ಅಜ್ಜಿ. “ಎರಡು ಕಿಲೋ ಸುಳ್ಳಾ? ಹಾಗಾದ್ರೆ ಮೂರು ತಿಂಗಳಲ್ಲಿ ನಾನು ಇಳಿದಿದ್ದೆಷ್ಟು?” ಎಂದು ಮ್ಯಾನೇಜರನ್ನು ಕೇಳಿದರು. ಹಿಂದಿನವರೂ ಬಾಯಿ ಸೇರಿಸಿದರು. ಮ್ಯಾನೇಜರ್ ಹಣೆಯಲ್ಲಿ ಪುಕ್ಕಟೆ ಬೆವರು ಬಂತು.

“ಅದನ್ನ ಸರಿಮಾಡೋಕೇ ಈ ಸಾರನ್ನ ತಗೊಂಡಿದ್ದೀವಿ ಅಜ್ಜಿ” ಎಂದು ತೊದಲಿದರು. “ಇವತ್ತಿಂದಲೇ.”

ಇವರು ತಕ್ಷಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಅದನ್ನು ಯಾಕೆ ತಂದಿದ್ದರೋ ಕೇಳಬೇಡಿ, ಅದಿಲ್ಲದೆ ಇವರು ಮದುವೆ ಮಂಟಪಕ್ಕೂ ಬಂದಿರಲಿಲ್ಲ.

ಸಂಜೆ ಔಷಧಿ ಅಂಗಡಿಯಿಂದ ಸಕ್ಕರೆ ಡಬ್ಬಿ ವಾಪಸ್ಸು ತಂದು ಎರಡು ಲೋಟ ಚಹಾ ಮಾಡಿದೆ. ಕೊಟ್ಟ ಮಾತು ತಪ್ಪಿದೆನಲ್ಲ ಎಂದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. “ತಪ್ಪಾಯ್ತು ರೀ” ಎಂದೆ. ಮೂವತ್ತು ವರ್ಷದಲ್ಲಿ ಎರಡನೆಯ ಸಲ.

ಇವರು ಏಳನೆಯ ಪಾಠ ತೆರೆದರು. ಪೆನ್ಸಿಲ್ ಚೂಪು ಮಾಡಿ, ಕೊನೆಯ ಸಾಲಿನಲ್ಲಿ ಎರಡು ಮಾತಿನ ನಡುವೆ ಒಂದು ಸಣ್ಣ ಗುರುತು ಹಾಕಿ, ಅದರ ಮೇಲೆ ‘ನಾಟ್’ ಎಂದು ಬರೆದರು. ಮೂರು ತಲೆಮಾರಿನಲ್ಲಿ ಯಾರೂ ಕಲ್ಲಿಗೆ ಅರ ತಾಗಿಸಿರಲಿಲ್ಲ.

“ಈ ಸಲ ಕಲ್ಲೇ ತಪ್ಪಿತ್ತು ಕಣೆ” ಎಂದರು. ಆಮೇಲೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿದರು.